ಅಟ್ಲಾಂಟಿಕ್‌ನಲ್ಲಿ ಮುಳುಗಿದ ‘ಗೇರುಸೊಪ್ಪ’ ಹಡಗಿನಲ್ಲಿ ಇದ್ದದ್ದು ನಮ್ಮ ರಾಣಿಯ ಬೆಳ್ಳಿಯೇ?

ಅಟ್ಲಾಂಟಿಕ್ ಸಾಗರದ ತಳದಲ್ಲಿದ್ದ ಹಡಗೊಂದರಿಂದ ಸುಮಾರು 110 ಟನ್ ಬೆಳ್ಳಿ ಮೇಲೆತ್ತಲಾಯಿತು. ಹಡಗಿನ ಹೆಸರು ‘ಗೇರುಸೊಪ್ಪ’. ಇಷ್ಟು ಓದಿದರೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಸಂಪತ್ತನ್ನು ಬ್ರಿಟಿಷರು ಸಾಗಿಸುತ್ತಿದ್ದರೇನೋ ಅನ್ನಿಸುವುದು ಸಹಜ. ಫಾರ್ವರ್ಡ್ ಮಾಡುವ ಮುನ್ನ ನಿಜಾಂಶ ನೋಡೋಣ.

ಹೆಸರು ಬಂದದ್ದು ಹೇಗೆ?

ರಾಣಿ ಆಳಿದ್ದು 16ನೇ ಶತಮಾನದಲ್ಲಿ. ಹಡಗು ಕಟ್ಟಿದ್ದು 1919ರಲ್ಲಿ, ಇಂಗ್ಲೆಂಡಿನಲ್ಲಿ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ತನ್ನ ಎಷ್ಟೋ ಹಡಗುಗಳಿಗೆ ಭಾರತದ ಸ್ಥಳಗಳ ಹೆಸರಿಡುತ್ತಿತ್ತು. ಜೋಗವನ್ನು ಬ್ರಿಟಿಷರು ‘ಗೇರುಸೊಪ್ಪ ಜಲಪಾತ’ ಎಂದೇ ಕರೆಯುತ್ತಿದ್ದರು. ಅಂದರೆ ನಂಟು ಹೆಸರಿನದ್ದು ಮಾತ್ರ.

ಮುಳುಗಿದ್ದು ಹೇಗೆ?

1940ರ ಡಿಸೆಂಬರ್‌ನಲ್ಲಿ ಹಡಗು ಬೆಳ್ಳಿ, ಚಹಾ, ಬೀಡುಕಬ್ಬಿಣ ತುಂಬಿಕೊಂಡು ಕಲ್ಕತ್ತಾದಿಂದ ಬ್ರಿಟನ್‌ಗೆ ಹೊರಟಿತು. ಯುದ್ಧಕಾಲವಾದ್ದರಿಂದ ಹಡಗುಗಳು ಗುಂಪಾಗಿ, ಬೆಂಗಾವಲಿನಲ್ಲಿ ಸಾಗುತ್ತಿದ್ದವು. ಬಿರುಗಾಳಿಗೆ ಸಿಕ್ಕಿ ಕಲ್ಲಿದ್ದಲು ಸಾಲದೆ ಹೋದಾಗ ಗೇರುಸೊಪ್ಪ ಗುಂಪು ಬಿಟ್ಟು ಒಂಟಿಯಾಗಿ ಐರ್ಲೆಂಡಿನತ್ತ ತಿರುಗಿತು. 1941ರ ಫೆಬ್ರವರಿ 16ರ ರಾತ್ರಿ ಜರ್ಮನಿಯ ಜಲಾಂತರ್ಗಾಮಿ ಯು-101 ಟಾರ್ಪಿಡೊ ಹೊಡೆಯಿತು. ಒಂದು ಲೈಫ್‌ಬೋಟ್ ಮಾತ್ರ 13 ದಿನಗಳ ಬಳಿಕ ಇಂಗ್ಲೆಂಡಿನ ದಡ ಸೇರಿತು. 86 ಮಂದಿಯಲ್ಲಿ ಬದುಕುಳಿದವರು ಹಡಗಿನ ಅಧಿಕಾರಿ ರಿಚರ್ಡ್ ಏರ್ಸ್ ಒಬ್ಬರೇ.

ಬೆಳ್ಳಿ ಯಾರ ಪಾಲಾಯಿತು?

ಸರಕಿಗೆ ಬ್ರಿಟಿಷ್ ಸರ್ಕಾರದ ಯುದ್ಧ ವಿಮೆ ಇತ್ತು. ವಿಮೆ ಹಣ ಕೊಟ್ಟವರಿಗೆ ಮುಳುಗಿದ ಮಾಲಿನ ಹಕ್ಕು ಸೇರುತ್ತದೆ. 2011ರಲ್ಲಿ ಅಮೆರಿಕದ ಒಡಿಸ್ಸಿ ಮರೀನ್ ಕಂಪನಿ ಹಡಗನ್ನು ಪತ್ತೆ ಮಾಡಿತು. ಆಳ ಸುಮಾರು 4,700 ಮೀಟರ್: ನಂದಿನಿ ಲೇಔಟ್‌ನಿಂದ ಮಲ್ಲೇಶ್ವರಕ್ಕೆ ಹೋಗುವಷ್ಟು ದೂರ, ನೇರ ಕೆಳಕ್ಕೆ! 2012 ಮತ್ತು 2013ರಲ್ಲಿ ಒಟ್ಟು 2,792 ಬೆಳ್ಳಿ ಗಟ್ಟಿಗಳು ಮೇಲೆ ಬಂದವು. ಒಪ್ಪಂದದಂತೆ, ಖರ್ಚು ಕಳೆದು ಉಳಿದದ್ದರಲ್ಲಿ ಶೇ 80 ಕಂಪನಿಗೆ, ಮಿಕ್ಕಿದ್ದು ಬ್ರಿಟಿಷ್ ಸರ್ಕಾರಕ್ಕೆ.

ಕಾಗದ ಕರಗಲಿಲ್ಲವೇ?

ಬೆಳ್ಳಿಯ ಜೊತೆ 700ಕ್ಕೂ ಹೆಚ್ಚು ಪತ್ರಗಳೂ ಸಿಕ್ಕವು. ಇದು ಕಟ್ಟುಕಥೆಯಲ್ಲ. ಟಪಾಲು ಚೀಲಗಳು ಕೆಸರಿನಡಿ ಹೂತಿದ್ದವು. ಅಲ್ಲಿ ಬೆಳಕಿಲ್ಲ, ಆಮ್ಲಜನಕ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ, ನೀರಿನ ಸೆಳೆತವೂ ಇಲ್ಲ. ಕಾಗದ ಕೊಳೆಸುವ ಜೀವಿಗಳಿಗೆ ಅವಕಾಶವಾಗಲಿಲ್ಲ. 2018ರಲ್ಲಿ ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯ ಕೆಲವು ಪತ್ರಗಳನ್ನು ಪ್ರದರ್ಶಿಸಿತು.

ನಮ್ಮದು ಎನ್ನಬಹುದಾದ್ದು ಏನು?

ಬೆಳ್ಳಿಯಲ್ಲ, ಮನುಷ್ಯರು. ಸತ್ತವರಲ್ಲಿ ಹೆಚ್ಚಿನವರು ‘ಲಾಸ್ಕರ್’ ಎನಿಸಿಕೊಂಡಿದ್ದ ನಮ್ಮ ಉಪಖಂಡದ ನಾವಿಕರು. ಆ ಯುದ್ಧದಲ್ಲಿ ಮಡಿದ ಸುಮಾರು 6,000 ಭಾರತೀಯ ವ್ಯಾಪಾರಿ ನಾವಿಕರ ಸ್ಮರಣೆಗೆ ಮುಂಬೈ ಮತ್ತು ಚಿತ್ತಗಾಂಗ್‌ಗಳಲ್ಲಿ ಹೆಸರಿನ ಪುಸ್ತಕಗಳಿವೆ. ಹಂಚಿಕೊಳ್ಳುವುದಾದರೆ ಈ ಮಾತನ್ನು ಹಂಚಿಕೊಳ್ಳೋಣ.