ಕದ್ದವರು ಯಾರು, ದಂಡ ತೆತ್ತವರು ಯಾರು?

“ಕಷ್ಟ ಬಂದಾಗ ಜನ ಹೇಗೋ ಸುಧಾರಿಸಿಕೊಳ್ಳುತ್ತಾರೆ” ಎಂಬ ಮಾತನ್ನು ನಾವು ದೊಡ್ಡವರ ಬಾಯಿಂದ ಬಹಳ ಸಲ ಕೇಳಿದ್ದೇವೆ. ಹಾರ ತುರಾಯಿ ಹಾಕಿಸಿಕೊಂಡ ಮಂತ್ರಿಗಳು ವೇದಿಕೆಯಿಂದ ಹೇಳುತ್ತಾರೆ. ಬ್ಯಾಂಕಿನ ಅಧಿಕಾರಿಗಳು ಕುರ್ಚಿಯಿಂದ ಹೇಳುತ್ತಾರೆ. ಗಣಿಯ ಧಣಿಗಳು ಕಾರಿನ ಕಿಟಕಿಯಿಂದ ಹೇಳುತ್ತಾರೆ. ಕೇಳುವುದಕ್ಕೆ ಅದು ಹೊಗಳಿಕೆಯಂತಿದೆ. ಆದರೆ ಆ “ಹೇಗೋ” ಎಂಬ ಎರಡಕ್ಷರದ ಗಂಟಿನಲ್ಲಿ ಏನೇನು ಕಟ್ಟಿದೆ ಎಂದು ಇವರಲ್ಲಿ ಒಬ್ಬರಾದರೂ ಬಿಚ್ಚಿ ನೋಡಿದ್ದಾರೆಯೇ?

ಗಿರಣಿ ಕಾರ್ಮಿಕ ಬಂಧುಗಳೇ, ಸಣ್ಣ ವ್ಯಾಪಾರಿ ಮಿತ್ರರೇ! ಅವರು ಬಿಚ್ಚದ ಗಂಟನ್ನು ಇಂದು ನಾವೇ ಬಿಚ್ಚೋಣ.

2011ರ ಜುಲೈ 29ನೆಯ ತಾರೀಖನ್ನು ನಮ್ಮ ಸೀಮೆ ಮರೆಯುವ ಹಾಗಿಲ್ಲ. ಆ ದಿನ ಹಂಪಿಯಲ್ಲಿ ವಿರೂಪಾಕ್ಷನ ಗುಡಿಯ ಮುಂದಿನ ಬಜಾರಿಗೆ ಬುಲ್ಡೋಜರು ನುಗ್ಗಿತು. ಕಲ್ಲುಮಂಟಪಗಳ ಆಸರೆಯಲ್ಲಿ ಬಾಳೆಹಣ್ಣು, ಚಹಾ, ಬಟ್ಟೆಬರೆ ಮಾರಿಕೊಂಡು ಮಕ್ಕಳನ್ನು ಸಾಕುತ್ತಿದ್ದವರ ಅಂಗಡಿ ಮನೆಗಳು ಕಣ್ಣೆದುರೇ ನೆಲಸಮವಾದವು. ಒಟ್ಟು ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಮುಂದೆ ಅಲ್ಲಿಂದ ಎದ್ದು ಹೋಗಬೇಕಾಯಿತು. ಅದೇ ದಿನ ದೆಹಲಿಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಹೊಸಪೇಟೆ ಆಗ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅದು ವಿಜಯನಗರ ಜಿಲ್ಲೆಯ ಕೇಂದ್ರವಾದದ್ದು 2021ರಲ್ಲಿ. ಒಂದೇ ಹಗಲಿನಲ್ಲಿ ಹಂಪಿಯ ಅಂಗಡಿಯೂ ಹೋಯಿತು, ಸಂಡೂರಿನ ಕೂಲಿಯೂ ಹೋಯಿತು. ಈ ಎರಡರ ನಡುವೆ ಸಿಕ್ಕಿಕೊಂಡದ್ದು ಹೊಸಪೇಟೆಯ ಮನೆಮನೆಯ ಒಲೆ.

ಕೋರ್ಟು ಗಣಿಗಳನ್ನು ನಿಲ್ಲಿಸಿದ್ದು ತಪ್ಪೇ? ಖಂಡಿತ ಅಲ್ಲ. ಎರಡು ದಿನ ಮೊದಲು, ಜುಲೈ 27ರಂದು, ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಕೊಟ್ಟ ವರದಿಯ ಪ್ರಕಾರ ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ. ಅಕ್ರಮದ ಮಾತು ಹಾಗಿರಲಿ, ಸಕ್ರಮದ ಮಾತೇನು? 2009ರ ಆಗಸ್ಟಿನವರೆಗೆ ಅತ್ಯುತ್ತಮ ದರ್ಜೆಯ ಅದಿರಿಗೂ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಟನ್ನಿಗೆ 27 ರೂಪಾಯಿ. ಅದೇ ಅದಿರು ಚೀನಾದ ಹಡಗು ಹತ್ತುವ ಹೊತ್ತಿಗೆ ಸಾವಿರಾರು ರೂಪಾಯಿ ಬಾಳುತ್ತಿತ್ತು. ನಡುವಿನ ಹಣ ಎಲ್ಲಿಗೆ ಹೋಯಿತು? ಹೆಲಿಕಾಪ್ಟರಿಗೆ ಹೋಯಿತು, ಅರಮನೆಗೆ ಹೋಯಿತು, ಚುನಾವಣೆಗೆ ಹೋಯಿತು. ಸಂಡೂರಿನ ಗುಡ್ಡ ಕರಗಿತು, ಹೊಲದ ಜೋಳದ ಮೇಲೆ ಕೆಂಪು ಧೂಳು ಕೂತಿತು, ಹೆಂಗಸರು ಮಕ್ಕಳು ಸುಡುಬಿಸಿಲಿನಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆದರು. ಈ ಲೂಟಿ ನಿಲ್ಲಬೇಕಿತ್ತು, ನಿಂತಿತು. ಒಳ್ಳೆಯದೇ ಆಯಿತು.

ಆದರೆ ನಮ್ಮ ಪ್ರಶ್ನೆ ಬೇರೆ. ಕದ್ದವರು ಒಬ್ಬರಾದರೆ ದಂಡದ ಚೀಟಿ ಇನ್ನೊಬ್ಬರ ಮನೆಗೆ ಬಂದದ್ದು ಹೇಗೆ? ಲಾರಿಯ ಕ್ಲೀನರನು ಏನು ಕದ್ದಿದ್ದ? ಪಂಕ್ಚರ್ ಅಂಗಡಿಯವನು ಯಾವ ಗಡಿಕಲ್ಲು ಕಿತ್ತಿದ್ದ? ರಸ್ತೆ ಬದಿಯಲ್ಲಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ಮಾರುತ್ತಿದ್ದ ಅಮ್ಮ ಯಾವ ಪರ್ಮಿಟ್ಟು ತಿದ್ದಿದ್ದಳು? ತಮ್ಮ ಲಾಭವನ್ನು ಧಣಿಗಳು ಮೊದಲೇ ಬೇರೆ ಕಡೆ ಸಾಗಿಸಿದ್ದರು. ಇವರ ಬಳಿ ಸಾಗಿಸುವುದಕ್ಕೆ ಏನೂ ಇರಲಿಲ್ಲ.

ಈ ಲೇಖಕ ಆಗ ಒಂದು ಸಣ್ಣ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಊರಿಗೆ ಮುಗ್ಗಟ್ಟು ಬಂದದ್ದು ಪತ್ರಿಕೆಗಿಂತ ಮೊದಲು ಮೇಷ್ಟ್ರ ಹಾಜರಿ ಪುಸ್ತಕಕ್ಕೆ ತಿಳಿಯುತ್ತದೆ. ಆ ವರ್ಷ ದಸರೆಯ ರಜೆ ಮುಗಿದು ಶಾಲೆ ಬಾಗಿಲು ತೆರೆದಾಗ ಹೆಸರು ಕೂಗಿದರೆ ಉತ್ತರವಿಲ್ಲ. ಒಬ್ಬ ಹುಡುಗ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದ. ಒಬ್ಬಳು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಿದ್ದಳು. ಅವಳ ತಾಯಿ ಕಂಪ್ಲಿ ಕಡೆ ಭತ್ತದ ಗದ್ದೆಗೆ ಕೂಲಿಗೆ ಹೋಗುತ್ತಿದ್ದಳು. ಇನ್ನೊಬ್ಬ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದುದನ್ನು ನಾನೇ ಕಂಡೆ. ನನ್ನನ್ನು ನೋಡಿ ಒಳಗೆ ಓಡಿಹೋದ. ನಾಚಬೇಕಾದವನು ಅವನಾಗಿರಲಿಲ್ಲ.

ಇದೇ ಆ “ಹೇಗೋ”. ಇದಕ್ಕೊಂದು ಕ್ರಮವಿದೆ, ಬಡವರ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕ್ರಮ. ಮೊದಲು ಹಾಲು ನಿಲ್ಲುತ್ತದೆ, ಚಹಾ ಕರಿಯಾಗುತ್ತದೆ. ಆಮೇಲೆ ಬೇಳೆ ನೀರಾಗುತ್ತದೆ; ಊಟಕ್ಕೆ ಕೊನೆಗೆ ಕೂರುವವಳ ತಟ್ಟೆಯಲ್ಲಿ ರೊಟ್ಟಿ ಒಂದು ಕಡಿಮೆಯಾಗುತ್ತದೆ, ಅದನ್ನು ಯಾರೂ ಎಣಿಸುವುದಿಲ್ಲ. ಆಮೇಲೆ ಮುದುಕರ ಔಷಧಿ ಮುಂದಿನ ತಿಂಗಳಿಗೆ ಹೋಗುತ್ತದೆ. ಆಮೇಲೆ ಕಿವಿಯ ಓಲೆ, ಕೊರಳ ಗುಂಡು ಗಿರವಿ ಅಂಗಡಿಗೆ ನಡೆಯುತ್ತವೆ. ಆಮೇಲೆ ಮಗಳ ಶಾಲೆ, ಅದರ ಹಿಂದೆಯೇ ಮಗನ ಶಾಲೆ. ಎಲ್ಲಕ್ಕಿಂತ ಕೊನೆಗೆ ಮನೆಗೆ ಬೀಗ ಬಿದ್ದು ಗಂಟುಮೂಟೆ ರೈಲು ಹತ್ತುತ್ತದೆ. ಸರ್ಕಾರ ಇದನ್ನು “ಸುಧಾರಿಸಿಕೊಳ್ಳುವುದು” ಎಂದು ಕರೆಯುತ್ತದೆ. ನಾವು ಇದನ್ನು ದಂಡ ಎಂದು ಕರೆಯುತ್ತೇವೆ. ಯಾವ ಕೋರ್ಟೂ ವಿಧಿಸದ, ಯಾವ ರಸೀದಿಯೂ ಇಲ್ಲದ ದಂಡ!

ಲೆಕ್ಕದ ಮೇಷ್ಟ್ರಾಗಿದ್ದವನು ಲೆಕ್ಕ ಬಿಡಲಾರ. ಸಾಲ 10,000 ರೂಪಾಯಿ, ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು ಎಂದಿಟ್ಟುಕೊಳ್ಳಿ. ತಿಂಗಳಿಗೆ 300, ವರ್ಷಕ್ಕೆ 3,600. ಮೂರು ವರ್ಷ ಬಡ್ಡಿ ಕಟ್ಟಿದರೆ 10,800. ಪಡೆದದ್ದಕ್ಕಿಂತ ಹೆಚ್ಚು ಕಟ್ಟಿಯಾಯಿತು, ಅಸಲು ಮಾತ್ರ ಒಂದು ಪೈಸೆಯೂ ಕರಗಿಲ್ಲ. ಈ ಲೆಕ್ಕ ಮೂರನೆಯ ತರಗತಿಯ ಹುಡುಗನಿಗೂ ಅರ್ಥವಾಗುತ್ತದೆ, ಹಣಕಾಸಿನ ಮಂತ್ರಿಗೆ ಮಾತ್ರ ಅರ್ಥವಾಗುವುದಿಲ್ಲ. ಗಿರವಿಯವನಿಂದ ಬಿಡಿಸಿಕೊಳ್ಳಲು ಕಿರುಸಾಲದ ಸಂಘ, ಸಂಘದ ಕಂತಿಗೆ ಇನ್ನೊಂದು ಸಂಘ, ಅದರ ಕಂತಿಗೆ ಮತ್ತೆ ಕೈಗಡ. ವಸೂಲಿಯ ಕಾಟ ಎಷ್ಟು ಮಿತಿಮೀರಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವೇ ಅದನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಬಾಗಿಲು ಬಡಿಯುವವನ ಕೈ ಹಿಡಿದರೆ ಸಾಲದು; ಸಾಲ ಏಕೆ ಮಾಡಬೇಕಾಯಿತೆಂದು ಕೇಳಬೇಕು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಒಳ್ಳೆಯ ಕೆಲಸ, ಅದನ್ನು ನಾವು ಹಳಿಯುವುದಿಲ್ಲ. ಆದರೆ ಅದು ಬಂದ ದಿನವೇ ಕಂತಿನವರ ಚೀಲ ಸೇರುವ ಮನೆಗಳು ಎಷ್ಟಿವೆ ಎಂದು ಯಾವ ವಾರ್ಡಿನಲ್ಲಾದರೂ ಕೇಳಿ ನೋಡಿ.

ಇನ್ನು ಸಣ್ಣ ವ್ಯಾಪಾರಿಯ ಮಾತು. ಕಾರ್ಮಿಕನ ಕಷ್ಟ ಬೇರೆ, ಅಂಗಡಿಯವನ ಕಷ್ಟ ಬೇರೆ ಎಂದು ನಮ್ಮನ್ನು ಒಡೆಯುವವರಿದ್ದಾರೆ. ಅಂಥವರು ಒಂದು ಸಲ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತೆರೆದು ನೋಡಲಿ. ಲಾರಿ ನಿಂತ ತಿಂಗಳು ಮೊದಲು ಸಾಲ ಕೊಟ್ಟದ್ದು ಬ್ಯಾಂಕಲ್ಲ, ಸರ್ಕಾರವಲ್ಲ, ಮೂಲೆಯ ಕಿರಾಣಿ ಅಂಗಡಿ. ಬಡ್ಡಿಯಿಲ್ಲದ ಸಾಲ, ಬರೀ ಮುಖ ನೋಡಿ ಕೊಟ್ಟ ಸಾಲ. ಅಂಥ ಒಬ್ಬರು ನನಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: “ಏನ್ ಮಾಡ್ಬೇಕ್ರಿ ಮೇಷ್ಟ್ರೇ, ಕೊಡ್ಲಿಲ್ಲ ಅಂದ್ರ ಅವ್ರು ಉಪಾಸ, ಕೊಟ್ರ ನಾನು ಉಪಾಸ.” ಮಂಡಿಯವನು ಅವರಿಗೆ ಉದ್ರಿ ಕೊಡುವುದಿಲ್ಲ. ಕೂಲಿಯವನ ಪಗಾರ ನಿಂತರೆ ಅಂಗಡಿಯ ತಕ್ಕಡಿ ನಿಲ್ಲುತ್ತದೆ. ಒಂದೇ ಹಗ್ಗದ ಎರಡು ತುದಿ ಇವು. ಹಗ್ಗ ಯಾರ ಕೈಯಲ್ಲಿದೆ ಎಂಬುದನ್ನು ಇಬ್ಬರೂ ಒಟ್ಟಿಗೆ ನೋಡಬೇಕು.

2011 ಹಳೆಯ ಕಥೆಯಲ್ಲವೇ ಎಂದು ಕೇಳಬಹುದು. ಹಳೆಯದಾಗಲು ಬಿಟ್ಟರೆ ತಾನೆ? 2013ರ ಏಪ್ರಿಲಿನಲ್ಲಿ ಕೋರ್ಟು ಹಲವು ಗಣಿಗಳಿಗೆ ಮತ್ತೆ ಅನುಮತಿ ಕೊಟ್ಟಿತು. ಆದರೆ ಸಾಲದವರು ಎಳೆದುಕೊಂಡು ಹೋದ ಲಾರಿ ತಿರುಗಿ ಬರಲಿಲ್ಲ. ಜಲಾಶಯಗಳಿಗೆ ಗೇಟು ಮಾಡುವುದರಲ್ಲಿ ದೇಶದಲ್ಲೇ ಹೆಸರಾಗಿದ್ದ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯನ್ನು ಮುಚ್ಚಲು 2015ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಒಂಬತ್ತು ವರ್ಷಗಳ ಮೇಲೆ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು! ಗೇಟು ಬಲ್ಲ ಕೈಗಳನ್ನು ಮನೆಗೆ ಕಳಿಸಿದ ಊರಿನಲ್ಲೇ ಗೇಟು ಮುರಿಯಿತು. ಹೊಸಪೇಟೆಯ ಸಕ್ಕರೆ ಕಾರ್ಖಾನೆಯೂ ಬಾಗಿಲು ಹಾಕಿತು. ಕಬ್ಬು ದೂರದ ಊರಿಗೆ ಹೊರಟಿತು, ಕೂಲಿ ಅದರ ಹಿಂದೆ ಹೊರಟಿತು. 2018ರ ನವೆಂಬರಿನಲ್ಲಿ ಸಂಡೂರು ತಾಲೂಕಿನ ದೋಣಿಮಲೈ ಗಣಿ ರಾಜ್ಯ ಸರ್ಕಾರಕ್ಕೂ ಕೇಂದ್ರದ ಕಂಪನಿಗೂ ಹಣದ ತಕರಾರೆದ್ದು ನಿಂತಿತು. ಮತ್ತೆ ಶುರುವಾದದ್ದು 2021ರ ಫೆಬ್ರವರಿಯಲ್ಲಿ. ಎರಡು ಸರ್ಕಾರಗಳು ಜಗಳವಾಡಿದವು, ಗುತ್ತಿಗೆ ಕೂಲಿಯವನು ಹಸಿದ. ಇದರ ನಡುವೆ 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಹಂಪಿಗೆ ಪ್ರವಾಸಿ ಬರಲಿಲ್ಲ, ಆಟೋ ತಿರುಗಲಿಲ್ಲ. ಹತ್ತು ವರ್ಷಗಳಲ್ಲಿ ಎಷ್ಟು ಪೆಟ್ಟು! ಪ್ರತಿ ಸಲವೂ ಅದೇ ಓಲೆ, ಅದೇ ಉದ್ರಿ, ಅದೇ ಹಾಜರಿ ಪುಸ್ತಕ.

“ಒಳ್ಳೆಯ ಕಾಲದಲ್ಲಿ ಉಳಿಸಬೇಕಿತ್ತು, ದುಂದು ಮಾಡಿದರು” ಎಂದು ಬುದ್ಧಿ ಹೇಳುವ ಸಜ್ಜನರಿದ್ದಾರೆ. ಕೆಲವರು ಸಾಲ ಮಾಡಿ ಲಾರಿ ಕೊಂಡದ್ದು ನಿಜ. ಕೊಳ್ಳಿರೆಂದು ಮನೆಬಾಗಿಲಿಗೆ ಬಂದು ಸಾಲ ಕೊಟ್ಟವರು ಯಾರು? ಈ ಬೆಲೆ ನಿಲ್ಲುವುದಿಲ್ಲವೆಂದು ಬಲ್ಲವರು ಯಾರು? 2008ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದಾಗಲೇ ಅದಿರಿನ ಬೆಲೆ ನೆಲಕಚ್ಚಿತ್ತು. ಅಲ್ಲಿಯ ಬ್ಯಾಂಕುಗಳಿಗೆ ಅಲ್ಲಿಯ ಸರ್ಕಾರ ಬೊಕ್ಕಸ ತೆರೆದು ಕೈಹಿಡಿಯಿತು. ಅವರ ದುಂದನ್ನು ಯಾರೂ ಕೇಳಲಿಲ್ಲ. ಬಡವನ ಮಗಳ ಮದುವೆಯ ಚಪ್ಪರ ಮಾತ್ರ ಎಲ್ಲರ ಕಣ್ಣಿಗೂ ದುಂದಾಗಿ ಕಂಡಿತು!

ಹಣವಿಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. ಕೋರ್ಟಿನ ಉಸ್ತುವಾರಿಯಲ್ಲಿ ನಮ್ಮ ನೆಲದ ಅದಿರಿನ ಮಾರಾಟದಿಂದ ಹಿಡಿದಿಟ್ಟ ಹಣಕ್ಕೆಂದೇ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಅದರ ಯೋಜನೆಯ ಮೊತ್ತ ಇಪ್ಪತ್ತು ಸಾವಿರ ಕೋಟಿಗೂ ಮಿಕ್ಕಿದ್ದು. ಕೆಲಸದ ಮೇಲ್ವಿಚಾರಣೆಗೆ ಸುಪ್ರೀಂ ಕೋರ್ಟು 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಗಣಿ ನಿಂತದ್ದು 2011ರಲ್ಲಿ, ಹಣ ಕದಲಲು 2022 ಬರಬೇಕಾಯಿತು. ನಡುವಿನ ಹನ್ನೊಂದು ವರ್ಷ ಈ ಸೀಮೆಯನ್ನು ಸಾಕಿದವರು ಯಾರು? ಓಲೆ ಅಡವಿಟ್ಟ ಹೆಂಗಸರು, ಉದ್ರಿ ಕೊಟ್ಟ ಅಂಗಡಿಯವರು! ಇದಲ್ಲದೆ 2015ರ ಕಾನೂನಿನಂತೆ ಜಿಲ್ಲಾ ಖನಿಜ ಪ್ರತಿಷ್ಠಾನಗಳಿಗೂ ರಾಜಧನದ ಮೇಲಿನ ಪಾಲು ಸೇರುತ್ತಿದೆ. ರಸ್ತೆ ಬೇಕು, ರೈಲು ಬೇಕು, ಆಸ್ಪತ್ರೆ ಬೇಕು, ಬೇಡವೆನ್ನುವವರು ನಾವಲ್ಲ. ಆದರೆ ದಂಡ ತೆತ್ತವರ ಹೆಸರೇ ಇಲ್ಲದ ಪರಿಹಾರ ಎಂಥ ಪರಿಹಾರ?

ಆದ್ದರಿಂದ ನಮ್ಮ ಬೇಡಿಕೆ ನಾಲ್ಕು.

ಒಂದು: ಸರ್ಕಾರದ ಆಜ್ಞೆಯಿಂದಾಗಲಿ, ಧಣಿಯ ಇಚ್ಛೆಯಿಂದಾಗಲಿ ಗಣಿ, ಗಿರಣಿ, ಕಾರ್ಖಾನೆ ನಿಂತರೆ, ನಿಂತ ವಾರದಿಂದಲೇ ಕೂಲಿಯವರಿಗೆ ಜೀವನಭತ್ಯೆ ಈ ಗಣಿ ಹಣದಿಂದ ಸಲ್ಲಬೇಕು. ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದ ಹಮಾಲರು, ಕ್ಲೀನರುಗಳು, ಗುತ್ತಿಗೆ ಹೆಂಗಸರು ಅದರಲ್ಲಿ ಸೇರಲೇಬೇಕು.

ಎರಡು: ಮುಗ್ಗಟ್ಟಿನ ಕಾಲದಲ್ಲಿ ಮನೆಯ ಒಡವೆಗೆ ಅಗ್ಗದ ಬಡ್ಡಿಯ ಸಾಲ ಸಹಕಾರಿ ಸಂಘಗಳಿಂದ ಸಿಗಬೇಕು, ಕಂತು ಕಟ್ಟುವ ಅವಧಿ ಮುಂದೆ ಹೋಗಬೇಕು. ಉದ್ರಿ ಕೊಟ್ಟು ಊರು ಉಳಿಸಿದ ಸಣ್ಣ ವ್ಯಾಪಾರಿಗೆ ಅದೇ ಸಂಘದಿಂದ ದುಡಿಮೆಯ ಬಂಡವಳ ಸಿಗಬೇಕು.

ಮೂರು: 2005ರ ಉದ್ಯೋಗ ಖಾತ್ರಿ ಕಾನೂನು ಬಂದದ್ದು ಹಳ್ಳಿಗೆ. ಹೊಸಪೇಟೆ, ಕಂಪ್ಲಿ, ಸಂಡೂರು ಪಟ್ಟಣಗಳ ಕೂಲಿಗೆ ಅಂಥ ಖಾತ್ರಿ ಇರಲಿಲ್ಲ. ಪಟ್ಟಣಕ್ಕೂ ಹೊಟ್ಟೆಯಿದೆ ಎಂದು ಒಪ್ಪಿಕೊಂಡು ಕೆಲಸ ಕೊಡಬೇಕು.

ನಾಲ್ಕು: ಹಂಪಿಯಿಂದ ಎಬ್ಬಿಸಿ ಕಡ್ಡಿರಾಂಪುರಕ್ಕೆ ಕಳಿಸಿದವರಿಗೆ ನಿವೇಶನ ಕೊಟ್ಟರೆ ಮುಗಿಯಲಿಲ್ಲ. ಗಿರಾಕಿಯಿಲ್ಲದ ಕಡೆ ಅಂಗಡಿಯವನನ್ನು ಕೂರಿಸುವುದು ಮೀನನ್ನು ದಡದ ಮೇಲೆ ಸಾಕಿದಂತೆ. ಪ್ರವಾಸಿಗಳು ಬರುವ ದಾರಿಯಲ್ಲೇ ಅವರ ವ್ಯಾಪಾರಕ್ಕೆ ಜಾಗ ಬೇಕು.

ಬಂಧುಗಳೇ, ಇದನ್ನು ಕೇಳಲು ಭಿಕ್ಷಾಪಾತ್ರೆ ಹಿಡಿದು ಹೋಗಬೇಕಾಗಿಲ್ಲ. ನಿಮ್ಮ ಕಂತಿನ ಪುಸ್ತಕ, ಗಿರವಿ ಚೀಟಿ, ಉದ್ರಿ ಪುಸ್ತಕ ತೆಗೆದುಕೊಂಡು ಬನ್ನಿ. ವಾರ್ಡು ವಾರ್ಡಿಗೆ ಕೂತು ಒಟ್ಟು ಹಾಕೋಣ. ಲೆಕ್ಕ ಹಾಕಲು ಈ ಹಳೆಯ ಮೇಷ್ಟ್ರು ಸೀಮೆಸುಣ್ಣ ಹಿಡಿದು ಸಿದ್ಧನಿದ್ದಾನೆ. ಲೂಟಿಯಾದದ್ದು ಎಷ್ಟೆಂದು ಲೋಕಾಯುಕ್ತರು ಎಣಿಸಿ ಹೇಳಿದರು. ನಾವು ತೆತ್ತ ದಂಡ ಎಷ್ಟೆಂದು ಈವರೆಗೆ ಯಾರೂ ಎಣಿಸಿಲ್ಲ. ಆ ಮೊತ್ತವನ್ನು ಜಿಲ್ಲಾಧಿಕಾರಿಗಳ ಮೇಜಿನ ಮೇಲಿಟ್ಟು ಕೇಳೋಣ: ಇದು ನಮ್ಮ “ಹೇಗೋ”, ಇದರ ರಸೀದಿ ಎಲ್ಲಿ?