ರಜಾಯಿಯೊಳಗಿನ ನೂರು ದಿನ

ನಮ್ಮ ಅಕ್ಕ ಗದಗಿನಿಂದ ಬರುವವಳಿದ್ದಾಳೆಂದು ದೀಪಾವಳಿಯ ಸಂಚಿಕೆಯಲ್ಲಿ ಬರೆದಿದ್ದೆನಷ್ಟೆ. ಬಂದಳು. 2024ರ ದೀಪಾವಳಿಯ ಮುನ್ನಾದಿನ ಒಂದು ಟ್ರಂಕು, ಒಂದು ಡಬ್ಬಿ ಶೇಂಗಾ ಹಿಂಡಿ, ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ ಇಷ್ಟನ್ನು ನಮ್ಮ ಹೊಸ್ತಿಲೊಳಗೆ ಇಳಿಸಿ, “ಹದಿನೈದು ದಿನ ಇದ್ದು ಹೋಗ್ತೀನಿ ತಮ್ಮಾ” ಎಂದಳು.

ನಾವು ಮನಸ್ಸಿನಲ್ಲಿ ಎಣಿಸಿದ್ದು ಬೇರೆ. ಭಾವನವರ ವರ್ಷಾಂತಿಕ ಆಗ ತಾನೇ ಮುಗಿದಿತ್ತು. ಮಕ್ಕಳಿಬ್ಬರೂ ಕಡಲಾಚೆ. 74 ವರ್ಷದ ಹೆಂಗಸು ಎಂಟು ಅಂಕಣದ ಮನೆಯಲ್ಲಿ ಒಬ್ಬಳೇ ಇರುವುದೆಂದರೇನು? ಇನ್ನು ಅಕ್ಕ ದೆಹಲಿಯಲ್ಲೇ ಇರತಕ್ಕದ್ದೆಂದು ನಾನೂ ಅವಳ ಹಿರಿಯ ಮಗನೂ ಫೋನಿನಲ್ಲಿಯೇ ತೀರ್ಮಾನ ಮಾಡಿ ಮುಗಿಸಿದ್ದೆವು. ಅಕ್ಕನನ್ನು ಕೇಳುವುದೊಂದು ಉಳಿದಿತ್ತು.

ಹದಿನೈದು ದಿನ ಆಗುವುದರೊಳಗೆ ದೆಹಲಿಯ ಆಕಾಶವೇ ನಮ್ಮ ಪಕ್ಷಕ್ಕೆ ಬಂದಿತು. ಪಂಜಾಬು, ಹರಿಯಾಣಗಳ ಭತ್ತದ ಕೂಳೆ ಸುಟ್ಟ ಹೊಗೆ, ಊರಿನ ಲಕ್ಷಾಂತರ ಗಾಡಿಗಳ ಹೊಗೆ, ಮೇಲೇಳದೆ ನೆಲಕ್ಕಂಟಿ ಕುಳಿತ ತಣ್ಣನೆಯ ಗಾಳಿ, ಎಲ್ಲವೂ ಸೇರಿದವು. ಗಾಳಿಯ ಗುಣಮಟ್ಟದ ಅಂಕ 400 ದಾಟಿದರೆ ಸರಕಾರದವರು ‘ತೀವ್ರ’ ಎನ್ನುತ್ತಾರೆ. ಆ ವರ್ಷದ ನವೆಂಬರ್ 18ರಂದು ಅದು 490ನ್ನೂ ದಾಟಿತು. ಅಕ್ಕನಿಗೆ ಕೆಮ್ಮು ಹತ್ತಿತು. ನಮ್ಮ ಡಾಕ್ಟರು ಬಂದು ನೋಡಿ, “ಬಿಸಿಲು ಬಿದ್ದಮೇಲೆ ಅಂಗಳದವರೆಗೆ, ಅದಕ್ಕಿಂತ ಆಚೆಗಿಲ್ಲ” ಎಂದು ಅಪ್ಪಣೆ ಮಾಡಿದರು. ಪ್ರಯಾಣದ ಮಾತಂತೂ ದೂರವೇ ಉಳಿಯಿತು.

ದಕ್ಷಿಣದಲ್ಲಿರುವ ನಮ್ಮ ನೆಂಟರಿಷ್ಟರಿಗೆ ಒಂದು ಮಾತು ಗೊತ್ತಿರಲಿ. ದೆಹಲಿಯ ಚಳಿ ಬೀದಿಯಲ್ಲಿಲ್ಲ, ಮನೆಯೊಳಗಿದೆ. ಇಲ್ಲಿ ಮನೆ ಕಟ್ಟಿದವರು ಮೇ ತಿಂಗಳನ್ನು ಎಣಿಸಿ ಕಟ್ಟಿದ್ದಾರೆ. ನೆಲಕ್ಕೆ ಕಲ್ಲು, ಗೋಡೆಗೆ ಸಿಮೆಂಟು, ಬಾಗಿಲ ಸಂದಿಯಲ್ಲಿ ಬೆರಳು ತೂರುವಷ್ಟು ಜಾಗ. ಜನವರಿಯಲ್ಲಿ ಹೊರಗೆ ಬಿಸಿಲಿದ್ದರೂ ಒಳಗೆ ಚಾಪೆಯ ಮೇಲೆ ಕಾಲಿಡಲಾಗುವುದಿಲ್ಲ. ಆದುದರಿಂದ ಇಲ್ಲಿಯ ಸಂಸಾರವೆಲ್ಲ ರಜಾಯಿಯೊಳಗೇ ನಡೆಯುತ್ತದೆ. ಕಾಫಿ ಅಲ್ಲಿಗೇ, ಪತ್ರಿಕೆ ಅಲ್ಲಿಗೇ, ಜಗಳವೂ ಅಲ್ಲಿಯೇ.

ಆ ರಜಾಯಿಯೊಂದೇ ಅಕ್ಕನಿಗೆ ಮೊದಲ ದಿನವೇ ಪರಿಚಯವಾದ ದೆಹಲಿ. ನಮ್ಮ ಓಣಿಯಲ್ಲಿ ಹತ್ತಿ ಹಿಂಜುವವನೊಬ್ಬ ಈಗಲೂ ಅಕ್ಟೋಬರಿನಲ್ಲಿ ಕೂಗುತ್ತ ಬರುತ್ತಾನೆ. ಅಕ್ಕನಿಗೆಂದು ಎರಡು ಕಿಲೋ ಹತ್ತಿ ಹಾಕಿಸಿ ಹೊಸದೊಂದನ್ನು ಹೊಲಿಸಿದ್ದೆವು. ಅವಳು ಅದರ ಮೂಲೆಯನ್ನು ಬೆರಳಲ್ಲಿ ಹೊಸಕಿ ನೋಡಿ, “ಪಿಂಜಾರ ಛಲೋ ಹಿಂಜ್ಯಾನ. ಹತ್ತಿ ಮಾತ್ರ ನಮ್ಮ ಜಯಧರ ಅಲ್ಲ” ಎಂದಳು. ಧಾರವಾಡ ಸೀಮೆಯ ಎರೆಹೊಲದಲ್ಲಿ ಜಯಧರ ಹತ್ತಿ ಬಿಡಿಸಿದ ಕೈಗೆ ಅದು ತಿಳಿಯದೇ ಇರುತ್ತದೆಯೆ?

ಡಿಸೆಂಬರ್ ಹೇಗೋ ಕಳೆಯಿತು. ಹಸಿ ಬಟಾಣಿ ಸುಲಿಯುವುದೇ ಈ ಊರಿನ ಚಳಿಗಾಲದ ಉದ್ಯೋಗ. ಅಕ್ಕ ಮೊದಮೊದಲು ಐದು ಕಿಲೋ ಸುಲಿದಳು, ಆಮೇಲೆ ಪಕ್ಕದ ಪಂಜಾಬಿ ಮನೆಯದನ್ನೂ ಸುಲಿದಳು. ಆ ಮನೆಯ ಅಜ್ಜಿಗೆ ಕನ್ನಡ ಬಾರದು, ಅಕ್ಕನಿಗೆ ಹಿಂದಿ ಬಾರದು. ಆದರೂ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಅಂಗಳದ ಬಿಸಿಲಿನಲ್ಲಿ ಇಬ್ಬರೂ ಎಡೆಬಿಡದೆ ಮಾತನಾಡುತ್ತಿದ್ದರು. ಲೋಹ್ರಿಯ ಸಂಜೆ ಅವರಲ್ಲಿಂದ ಸಾಸಿವೆ ಸೊಪ್ಪಿನ ಪಲ್ಯ, ಮೆಕ್ಕೆಜೋಳದ ರೊಟ್ಟಿ ಬಂದವು. ಮರುದಿನ ಸಂಕ್ರಾಂತಿಗೆ ನಮ್ಮಲ್ಲಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಹೋದವು. ಪಂಜಾಬಿ ಅಜ್ಜಿ ಹಿಂಡಿ ತಿಂದು ಕಣ್ಣಲ್ಲಿ ನೀರು ತಂದುಕೊಂಡರೂ ಡಬ್ಬಿಯನ್ನು ಮಾತ್ರ ತಿರುಗಿ ಕೊಡಲಿಲ್ಲ.

ಆದರೆ ಮಂಜು ಕವಿದ ದಿನಗಳಲ್ಲಿ ಅಂಗಳವೂ ಇಲ್ಲ. ಅಂಥ ದಿನ ಅಕ್ಕ ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿ ಕುಳಿತುಬಿಡುತ್ತಿದ್ದಳು. ಹೊರಗೆ ಕಾಣುವುದೇನು? ಎದುರಿನ ಬೇವಿನ ಮರವೂ ಕಾಣುತ್ತಿರಲಿಲ್ಲ. “ಮನಿ ಬಾಗಲಾ ಹಾಕ್ಕೊಂಡದ. ತುಳಸಿಗೆ ಯಾರರೆ ನೀರ ಹಾಕ್ತಾರೋ ಇಲ್ಲೋ” ಎಂದು ಒಮ್ಮೊಮ್ಮೆ ಹೇಳುತ್ತಿದ್ದಳು. ನನಗಲ್ಲ, ಗಾಜಿಗೆ.

ಜನವರಿಯ ಕೊನೆಗೆ ನಾನೊಂದು ದಡ್ಡತನ ಮಾಡಿದೆ. ಅಕ್ಕ ಮಲಗಿದ್ದಾಳೆಂದು ಭಾವಿಸಿ ಅವಳ ಮಗನೊಡನೆ ಫೋನಿನಲ್ಲಿ ಗದಗಿನ ಮನೆಯ ಕ್ರಯದ ಮಾತು ತೆಗೆದೆ. ಗಿರಾಕಿ ಯಾರು, ಮುಂಗಡ ಎಷ್ಟು ಎಂಬಲ್ಲಿಗೆ ಬಂದಾಗ ಹಿಂತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ಒಂದು ಮಾತೂ ಆಡಲಿಲ್ಲ. ಹೋಗಿ ರಜಾಯಿ ಎಳೆದುಕೊಂಡಳು. ಮುಂದೆ ಎಂಟು ದಿನ ಊಟಕ್ಕೆ “ಹೂಂ”, ಔಷಧಕ್ಕೆ “ಹೂಂ”. ನನ್ನ ಮನೆಯಾಕೆ ಈ ಅಂಕಣದಲ್ಲಿ ನನ್ನನ್ನು ಬಿಟ್ಟುಕೊಟ್ಟಿದ್ದು ಎಷ್ಟೋ ಸಲ. ಈ ಸಲ ಅವಳೆಂದದ್ದು ಇಷ್ಟೆ: “ಅಕ್ಕಾರು ನಮ್ಮ ಮನೀಗೆ ಬಂದವರು. ನೀವು ಅವರ ಮನಿ ಮಾರಾಕ ಕೂತೀರಿ.”

ಫೆಬ್ರುವರಿ ಎರಡನೆಯ ವಾರ ಆಕಾಶ ತೊಳೆದಂತಾಯಿತು. ಡಾಕ್ಟರು ಒಪ್ಪಿದರು. ಒಂದು ದಿನದ ಮಟ್ಟಿಗೆ ಎಲ್ಲಿಗಾದರೂ ಹೋಗಿಬರೋಣವೆಂದು ಬಾಡಿಗೆಯ ಕಾರು ಗೊತ್ತುಮಾಡಿ ಭರತಪುರಕ್ಕೆ ಹೊರಟೆವು. ಮಥುರೆಯ ಮೇಲೆ ಸುಮಾರು 180 ಕಿಲೋಮೀಟರು ದಾರಿ. ಪಲವಲ್ ದಾಟುತ್ತಲೇ ಎರಡು ಕಡೆಯೂ ಸಾಸಿವೆಯ ಹೊಲ, ಕಣ್ಣು ಹರಿದಷ್ಟು ದೂರ ಹಳದಿ. ಅಕ್ಕ ಕಿಟಕಿಯ ಗಾಜನ್ನು ತಾನೇ ಇಳಿಸಿದಳು. ಚಳಿಯಾಗುತ್ತದೆಂದು ನಾನು ಬಾಯಿ ತೆರೆದೆ. ಮನೆಯಾಕೆ ಮೊಣಕೈಯಿಂದ ತಿವಿದಳು.

ಭರತಪುರದ ಪಕ್ಷಿಧಾಮಕ್ಕೆ ಕೇವಲಾದೇವ ಎಂಬ ಹೆಸರು ಅಲ್ಲಿಯ ಶಿವಾಲಯದಿಂದ ಬಂದದ್ದು. ಹಿಂದೆ ಅದು ಅರಸರ ಬೇಟೆಯ ತಾಣ. ಯಾವ ದಿನ ಯಾರ ಗೌರವಾರ್ಥ ಎಷ್ಟು ಹಕ್ಕಿ ಹೊಡೆದರೆಂದು ಗುಡಿಯ ಹತ್ತಿರ ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾರೆ. 1938ರ ನವೆಂಬರ್ 12ರಂದು, ವೈಸರಾಯ್ ಲಿನ್‌ಲಿಥ್‌ಗೋ ಬಂದ ದಿನ, 4,273. ನಾನು ಓದಿ ಹೇಳಿದೆ. “ತಿನ್ನಲಿಕ್ಕಂತೂ ಅಲ್ಲ ಬಿಡು” ಎಂದಳು ಅಕ್ಕ. ಎಂಟು ದಿನಗಳಲ್ಲಿ ಅದೇ ಮೊದಲನೆಯ ಪೂರ್ಣ ವಾಕ್ಯ.

ಸೈಕಲ್ ರಿಕ್ಷಾದವನು ಹಕ್ಕಿಗಳ ಹೆಸರನ್ನು ನಮ್ಮ ಪುರೋಹಿತರು ಸಹಸ್ರನಾಮ ಹೇಳುವಂತೆ ಹೇಳುತ್ತ ಹೋದನು. ಸೈಬೀರಿಯದ ಬಿಳಿ ಕ್ರೌಂಚಗಳು 2002ರ ಬಳಿಕ ಬರಲೇ ಇಲ್ಲವೆಂದು, ಮನೆಯವರ ಸುದ್ದಿ ಹೇಳಿದಂತೆ, ದನಿ ತಗ್ಗಿಸಿ ಹೇಳಿದನು. ನೀರಿನ ಅಂಚಿನಲ್ಲಿ ರಿಕ್ಷಾ ನಿಲ್ಲಿಸಿ ತನ್ನ ದುರ್ಬೀನನ್ನು ಅಕ್ಕನ ಕೈಗೆ ಕೊಟ್ಟನು. ಬೂದುಬಣ್ಣದ ದೊಡ್ಡ ಬಾತುಗಳು, ಬಿಳಿಯ ತಲೆಯ ಮೇಲೆ ಎರಡು ಕರಿಯ ಗೆರೆ. ಪಟ್ಟೆತಲೆ ಹೆಬ್ಬಾತು. ಟಿಬೆಟ್, ಮಂಗೋಲಿಯಗಳ ಕಡೆಯಿಂದ ಹಿಮಾಲಯವನ್ನು ಹಾರಿ ದಾಟಿ ಬರುತ್ತವೆ.

ಅಕ್ಕ ದುರ್ಬೀನು ಇಳಿಸಲೇ ಇಲ್ಲ.

“ತಮ್ಮಾ, ಇವು ನಮ್ಮ ಮಾಗಡಿ ಕೆರೀವು!”

ಹೌದು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಇದೇ ಹಕ್ಕಿ ಬರುತ್ತದೆ. ಭರತಪುರ 1981ರಲ್ಲಿ ಸೇರಿದ ರಾಮ್ಸಾರ್ ಜೌಗು ನೆಲಗಳ ಪಟ್ಟಿಗೆ ಆ ಕೆರೆಯೂ 2024ರ ಜನವರಿಯಲ್ಲಿ ಸೇರಿತು. ಪತ್ರಿಕೆಯಲ್ಲಿ ಓದಿದ್ದೆ. ಆದರೆ ಅಕ್ಕನ ಅತ್ತೆಮನೆಯ ಹೊಲ ಆ ಕೆರೆಯ ಕಡೆಗೇ ಇತ್ತೆಂಬುದು ನನಗೆ ಮರೆತೇ ಹೋಗಿತ್ತು.

“ಕಡ್ಲಿ ಹೊಲಕ್ಕ ರಾತ್ರಿ ಇಳೀತಿದ್ವು. ಇವರು ಡಬ್ಬಿ ಬಡಕೋತ ಮುಂದ, ನಾ ಲಾಟೀನ ಹಿಡಕೊಂಡು ಹಿಂದ. ಲಗ್ನಾದ ಮೊದಲನೇ ಚಳಿಗಾಲ ಅದು. ಓಡಿಸಿ ಓಡಿಸಿ ಸಾಕಾಗಿ ಇಬ್ರೂ ಬದುವಿನ ಮ್ಯಾಲೆ ಕೂತು ನಗ್ತಿದ್ವಿ.” ದುರ್ಬೀನಿನ ಹಿಂದೆ ಅವಳ ಕೆನ್ನೆ ಒದ್ದೆಯಾಗಿತ್ತು. “ಇವು ಎಂದ ಹೋಗ್ತಾವ, ಕೇಳು ಅವನ್ನ.”

ಕೇಳಿದೆ. ಇನ್ನು ಕೆಲವೇ ದಿನ, ಬಿಸಿಲು ಏರುತ್ತಲೇ ಹೊರಡುತ್ತವೆ ಎಂದನು.

ಮರಳುವಾಗ ಮಥುರೆಯಲ್ಲಿ ಪೇಡೆ ಕೊಂಡೆವು. ಕಾರು ಮತ್ತೆ ಹೆದ್ದಾರಿಗೆ ಬಂದಮೇಲೆ ಅಕ್ಕ ಪೇಡೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, “ನನಗ ಹುಬ್ಬಳ್ಳಿಗೆ ಟಿಕೇಟ ತಗಸು. ಮನಿ ಮಾರೂದಿಲ್ಲ. ಅವಗೂ ಹೇಳು, ನಾನೂ ಹೇಳ್ತೀನಿ” ಎಂದಳು. ಒಬ್ಬಳೇ ಹೇಗೆ ಇರುತ್ತೀ ಎಂದು ಕೇಳಬೇಕೆಂದಿದ್ದೆ. ನೂರು ದಿನ ಕೇಳದಿದ್ದವನಿಗೆ ಆಗ ಬಾಯಿ ಬರಲಿಲ್ಲ. ಕೆಲಸದಾಕೆ ರಾತ್ರಿಯೂ ಮನೆಯಲ್ಲಿ ಮಲಗುವಂತೆ ಏರ್ಪಾಡು ಮಾಡುವುದು, ದಿನಕ್ಕೊಮ್ಮೆ ಫೋನು ಮಾಡುವುದು, ಇಷ್ಟಕ್ಕೆ ಅವಳು ಒಪ್ಪಿದಳು. ಎರಡು ಸಲ ಫೋನು ಮಾಡುತ್ತೇನೆಂದರೆ ಒಪ್ಪಲಿಲ್ಲ.

ಮಾರ್ಚಿ ಮೊದಲನೆಯ ವಾರ ಹೊರಟಳು. ಪಂಜಾಬಿ ಅಜ್ಜಿ ಹಿಂಡಿಯ ಡಬ್ಬಿಯಲ್ಲಿ ಎಳ್ಳಿನ ಗಜಕ್ ತುಂಬಿ ತಂದುಕೊಟ್ಟರು. ರಜಾಯಿಯನ್ನು ಅಕ್ಕ ಎರಡು ದಿನ ಬಿಸಿಲಿಗೆ ಹಾಕಿ, ಬೇವಿನೆಲೆ ಇಟ್ಟು ಮಡಿಚಿ, ಹಳೆಯ ಸೀರೆಯಲ್ಲಿ ಕಟ್ಟಿ, ಅಟ್ಟದ ಮೇಲೆ ಇಡಿಸಿದಳು.

“ಯಾರಿಗೂ ಕೊಟ್ಟೀಯವಾ ಮತ್ತ. ದೀಪಾವಳಿಗೆ ನನಗ ಬೇಕಾಗ್ತದ” ಎಂದು ನನ್ನ ಮನೆಯಾಕೆಗೆ ಹೇಳಿದಳು.