ಪ್ರಬಂಧಕ್ಕೂ ಒಂದು ಬಹುಮಾನವಿರಲಿ

ಮೈಸೂರು ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ದಾನಿಗಳ ದತ್ತಿಯಿಂದ ಚಿನ್ನದ ಪದಕ, ನಗದು ಬಹುಮಾನಗಳನ್ನು ನೀಡುವ ಸಂಪ್ರದಾಯ ಹಳೆಯದು. ಬಹುಪಾಲು ಅವು ಪರೀಕ್ಷೆಯ ಅಂಕಗಳಿಗೆ ಸಲ್ಲುತ್ತವೆ. ಎಂ.ಬಿ.ಎ. ವಿದ್ಯಾರ್ಥಿಯು ಶ್ರಮಿಸಿ ಬರೆದ ಪ್ರಬಂಧವಾದರೋ ಮೌಖಿಕ ಪರೀಕ್ಷೆ ಮುಗಿದೊಡನೆ ಕಪಾಟು ಸೇರುತ್ತದೆ. ನಮ್ಮ ಜಿಲ್ಲೆಯ ವ್ಯಾಪಾರವನ್ನು ಕುರಿತ ಅತ್ಯುತ್ತಮ ಪ್ರಬಂಧಕ್ಕೆ ನಮ್ಮ ವಾಣಿಜ್ಯ ಸಂಸ್ಥೆಯೇ ವಾರ್ಷಿಕ ಬಹುಮಾನವೊಂದನ್ನು ಸ್ಥಾಪಿಸಬೇಕೆಂಬುದು ನನ್ನ ಸಲಹೆ.

ವಿಷಯಗಳಿಗೆ ಬರವಿಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸರಕು ವಾಹನಗಳ ಸಂಚಾರಕ್ಕೆ ನಿಷೇಧವಿದೆ. ಕಾಡಿನ ಹಿತಕ್ಕೆ ಅದು ಅಗತ್ಯವೇ. ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಕೇರಳಕ್ಕೆ ತರಕಾರಿ ಕಳುಹಿಸುವ ಗುಂಡ್ಲುಪೇಟೆಯ ವರ್ತಕನಿಗೆ ಅದರಿಂದ ಪ್ರತಿ ಲೋಡಿಗೆ ತಗಲುವ ಹೆಚ್ಚುವರಿ ವೆಚ್ಚವೆಷ್ಟು? ಚೆಂಡುಹೂವನ್ನು ಬಣ್ಣ ತೆಗೆಯುವ ಕಾರ್ಖಾನೆಗೆ ಒಪ್ಪಂದದ ಮೇಲೆ ಕೊಡುವುದು ಲಾಭವೋ, ಓಣಂ ಮಾರುಕಟ್ಟೆಗೆ ಕಾಯುವುದು ಲಾಭವೋ? ಚಾಮರಾಜನಗರದ ಕರಿಕಲ್ಲಿನ ಸಣ್ಣ ಘಟಕಕ್ಕೆ ಬಾಕಿ ಎಷ್ಟು ದಿನಕ್ಕೆ ವಸೂಲಾಗುತ್ತದೆ? 2006ರ ಎಂ.ಎಸ್.ಎಂ.ಇ. ಕಾಯಿದೆಯು ಗರಿಷ್ಠ 45 ದಿನವೆನ್ನುತ್ತದೆ; ಲೆಡ್ಜರು ಬೇರೆಯೇ ಹೇಳುತ್ತದೆ.

ಆದರೆ ಪ್ರಶ್ನಾವಳಿ ಹಿಡಿದು ಬಂದ ವಿದ್ಯಾರ್ಥಿಗೆ ನಮ್ಮ ವರ್ತಕರು ಕಾಫಿ ಕೊಟ್ಟು ಕಳುಹಿಸುತ್ತಾರೆಯೇ ಹೊರತು ಲೆಕ್ಕದ ಪುಸ್ತಕ ತೆರೆಯುವುದಿಲ್ಲ. (ಕಾರಣವನ್ನು ಲೆಕ್ಕಪರಿಶೋಧಕನಿಗೆ ಯಾರೂ ವಿವರಿಸಬೇಕಾಗಿಲ್ಲ!) ಆಗ ಅವನು ಬೆಂಗಳೂರಿನ ದೊಡ್ಡ ಕಂಪನಿಯ ಮುದ್ರಿತ ವಾರ್ಷಿಕ ವರದಿಯನ್ನೇ ಆಧರಿಸಿ ಪ್ರಬಂಧ ಮುಗಿಸುತ್ತಾನೆ. ಅಂಗಡಿಯ ಹೆಸರನ್ನು ಮರೆಮಾಡಿ ಮೂರು ವರ್ಷಗಳ ಸಾಗಣೆ ವೆಚ್ಚ, ಬಾಕಿ ವಸೂಲಿಯ ಅಂಕಿಗಳನ್ನಷ್ಟೇ ಕೊಟ್ಟರೂ ಅಧ್ಯಯನಕ್ಕೆ ಸಾಕು.

ತೀರ್ಪುಗಾರರಲ್ಲಿ ಒಬ್ಬ ವರ್ತಕರಿರಲಿ. ನಾಲ್ಕು ಪುಟಗಳ ಕನ್ನಡ ಸಾರಾಂಶ ಕಡ್ಡಾಯವಾಗಲಿ. ಮುಂದಿನ ಸಭೆಯಲ್ಲಿ ದತ್ತಿಯ ಮೊತ್ತಕ್ಕಿಂತ ಮೊದಲು, ಪುಸ್ತಕ ತೆರೆಯಲೊಪ್ಪುವ ಹತ್ತು ಮಂದಿ ಸದಸ್ಯರ ಪಟ್ಟಿ ಸಿದ್ಧವಾಗಬೇಕು.